ಹಂಚು ಬದಲಿಸಲು ಬಿಡಲಿಲ್ಲ, ಗೋಡೆಗೆ ಕೆಂಪು ಗುರುತು ಹಾಕಿದಿರಿ: ಪುರಸಭೆಗೆ ಒಂದು ಬಹಿರಂಗ ಪತ್ರ

ನಮ್ಮ ಪುರಸಭೆಯ ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ.

ನಮ್ಮ ಪೇಟೆಯ ಒಂದು ಹಳೆಯ ಅಂಗಡಿಯ ಬಗ್ಗೆ, ರಸ್ತೆ ಅಗಲ ಮಾಡಲು ನೀವು ಅದರ ಮೇಲೆ ಹಾಕಿಸಿದ ಗುರುತಿನ ಬಗ್ಗೆ ಈ ಪತ್ರ. ಊರಿನ ಹೆಸರನ್ನೂ ಅಂಗಡಿ ಮನೆತನದ ಹೆಸರನ್ನೂ ಇದರಲ್ಲಿ ಬೇಕೆಂತಲೇ ಬರೆದಿಲ್ಲ. ನಿಮಗೆ ಗೊತ್ತು. ಪೇಟೆಯವರಿಗೂ ಗೊತ್ತು. ಕಾರವಾರದಿಂದ ಭಟ್ಕಳದ ತನಕ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಇಂಥ ಹಲಗೆ ಬಾಗಿಲಿನ ಅಂಗಡಿ ಉಳಿದಿರುವ ಪೇಟೆ ಇನ್ನೂ ಕೆಲವು ಇವೆ. ಅಲ್ಲಿಯವರು ಇದನ್ನು ತಮ್ಮೂರಿನದ್ದೇ ಅಂದುಕೊಂಡು ಓದಿದರೂ ಅಡ್ಡಿಯಿಲ್ಲ.

ನಾನು ಭೂಮಾಪನ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು. ಅದಕ್ಕೂ ಮೊದಲು, ಹೈಸ್ಕೂಲಿನ ದಿನಗಳಲ್ಲಿ, ಬೇಸಿಗೆ ರಜೆ ಬಂತೆಂದರೆ ಇದೇ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟಿದವನು. ಕಾಲು ಸೇರು ಜೀರಿಗೆಯ ಪೊಟ್ಟಣ ಬಿಚ್ಚಿಕೊಳ್ಳದ ಹಾಗೆ ನೂಲು ಸುತ್ತುವುದು ಈಗಲೂ ಕೈಗೆ ನೆನಪಿದೆ. ಆ ಕೆಲಸ ಮತ್ತು ಈ ಕೆಲಸ, ಎರಡೂ ಇವತ್ತಿನ ಮಾತಿಗೆ ಬೇಕಾಗುತ್ತವೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಇಬ್ಬರು ಹುಡುಗರು ಟೇಪು, ಬಣ್ಣದ ಡಬ್ಬಿ ಹಿಡಿದು ಬಂದರು. ರಸ್ತೆಯ ಡಾಂಬರಿನ ಮೇಲೆ ಒಂದು ಚುಕ್ಕೆ ಇಟ್ಟರು. ಅಲ್ಲಿಂದ ಟೇಪು ಎಳೆದರು. ಅಂಗಡಿಯ ಜಗಲಿ ದಾಟಿ, ಬಾಗಿಲ ಹೊಸ್ತಿಲು ದಾಟಿ, ಒಂದು ಅಡಿ ಒಳಗೆ ಹೋಗಿ ನೆಲದ ಮೇಲೆ ಕೆಂಪು ಗೆರೆ ಹೊಡೆದರು. ಆಮೇಲೆ ಹೊರಗೆ ಬಂದು ಗೋಡೆಯ ಮೇಲೆ ಒಂದು ಬಾಣದ ಗುರುತು, ಪಕ್ಕದಲ್ಲಿ '6 ಅಡಿ' ಅಂತ ಬರೆದರು. ಗಲ್ಲಾಪೆಟ್ಟಿಗೆ ಹತ್ತಿರ ಕೂತಿದ್ದ ಅಂಗಡಿಯ ಯಜಮಾನರು, ಸಣ್ಣ ಮಾಮ, ಎದ್ದು ಬಂದು, "ಇದು ಪಟ್ಟಿಯಲ್ಲಿರುವ ಕಟ್ಟಡ ಮಾರಾಯಾ, ಫಲಕ ಕಾಣಲಿಲ್ಲವಾ?" ಅಂದರು. ಹುಡುಗರು ಫಲಕ ನೋಡಿದರು. ಓದಿದರು ಕೂಡಾ. "ನಮಗೆ ಹೇಳಿದಷ್ಟು ಹಾಕಿದ್ದು" ಅಂದು ಮುಂದಿನ ಕಟ್ಟಡಕ್ಕೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಆ ಫಲಕ ಹಾಕಿಸಿದ್ದು ಯಾರು ಅಂತ ನೆನಪು ಮಾಡಿಕೊಡಬೇಕು. ಕೆಲವು ವರ್ಷಗಳ ಹಿಂದೆ ಪಾರಂಪರಿಕ ಕಟ್ಟಡಗಳ ಪಟ್ಟಿ ಮಾಡುತ್ತೇವೆ ಅಂತ ಒಂದು ತಂಡ ಬಂದಿತ್ತು. ಫೋಟೊ ತೆಗೆದರು, ಕಂಬ ಎಣಿಸಿದರು, ಚಹಾ ಕುಡಿದರು. ಅಂಗಡಿಯನ್ನು ಪಟ್ಟಿಗೆ ಸೇರಿಸಿ ನೀಲಿ ಫಲಕ ಹೊಡೆದ ದಿನ ನಿಮ್ಮ ಹಿಂದಿನ ಆಡಳಿತದವರೇ ಹಾರ ಹಾಕಿಸಿಕೊಂಡರು. ನಾನೂ ಚಪ್ಪಾಳೆ ತಟ್ಟಿದ್ದೇನೆ. ಅದಾದ ಮೇಲಿನ ಎರಡನೇ ಮಳೆಗಾಲದಲ್ಲಿ ಮಾಡಿನ ಮೂಲೆ ಸೋರಲು ಶುರುವಾಯಿತು. ಹಂಚು ಹೊರುವ ಮರದ ನಾಲ್ಕು ಪಕಾಸು, ಒಂದಿಷ್ಟು ರೀಪು, ಇನ್ನೂರು ಹಂಚು ಬದಲಿಸಲು ಅನುಮತಿ ಕೊಡಿ ಅಂತ ಸಣ್ಣ ಮಾಮ ಅರ್ಜಿ ಹಾಕಿದರು. 'ಪಟ್ಟಿಯಲ್ಲಿರುವ ಕಟ್ಟಡವಾದ್ದರಿಂದ ಮೂಲ ಸ್ವರೂಪಕ್ಕೆ ಧಕ್ಕೆ ತರುವಂತಿಲ್ಲ' ಅಂತ ಉತ್ತರ ಬಂತು. ಮತ್ತೊಂದು ಅರ್ಜಿಗೆ ಉತ್ತರವೇ ಬರಲಿಲ್ಲ. ಮೂರನೆಯದನ್ನು ಮಾಹಿತಿ ಹಕ್ಕಿನಲ್ಲಿ ನಾನು ಹಾಕಿದೆ. ಆ ಕಚೇರಿ ಈ ಕಚೇರಿಯನ್ನು ಕೇಳಿ ಅಂದಿತು, ಈ ಕಚೇರಿ ಅದನ್ನೇ ಕೇಳಿ ಅಂದಿತು. ಮೂರು ಮಳೆಗಾಲದಿಂದ ಮಾಡಿನ ಮೇಲೆ ನೀಲಿ ತಾಡಪಾಲು ಇದೆ. ಕೆಳಗೆ ನೀಲಿ ಫಲಕ ಇದೆ. ಬಣ್ಣವಂತೂ ಹೊಂದಿದೆ.

ನನ್ನ ದೂರು ಇಷ್ಟೇ. ಒಂದು ಹಂಚು ಮುಟ್ಟಲು ಬಿಡದ ಪಟ್ಟಿ, ಜೆಸಿಬಿಗೆ ಮಾತ್ರ ಅಡ್ಡ ಬರುವುದಿಲ್ಲ ಅಂದರೆ ಅದು ಯಾರನ್ನು ಕಾಯುವ ಪಟ್ಟಿ?

ಇನ್ನು ಫಲಕದ ಮೇಲೆ ಏನು ಬರೆದಿದ್ದೀರಿ, ಅದನ್ನು ನೋಡೋಣ. 'ಕ್ರಿ.ಶ. 1865ರಲ್ಲಿ ನಿರ್ಮಿತ' ಅಂತಿದೆ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ತಂಡದವರು ಕೆಳಗೆ ಬಿದ್ದಿದ್ದ ಒಂದು ಹಂಚನ್ನು ಮಗುಚಿ ನೋಡಿದರು. ಬಾಸೆಲ್ ಮಿಶನ್ ಹಂಚು, ಅದರ ಮೇಲೆ 1865 ಅಂತ ಅಚ್ಚು. ಸರಿ, ಬರೆದುಕೊಂಡರು. ಆದರೆ 1865 ಅನ್ನುವುದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಅಲ್ಲಿಂದ ಮುಂದೆ ಹತ್ತಾರು ವರ್ಷ ಸುಟ್ಟ ಹಂಚುಗಳ ಮೇಲೂ ಅದೇ ಅಂಕಿ ಬಂತು. ಮಂಗಳೂರಿನ ಇನ್ನೊಂದು ಹಳೆಯ ಕಾರ್ಖಾನೆ ಆಲ್ಬುಕರ್ಕ್‌ನವರ ಹಂಚಿನ ಮೇಲೆ 1868 ಅಂತ ಇರುವುದೂ ಹಾಗೆಯೇ. ಹಂಚಿನ ಅಂಕಿ ನೋಡಿ ಮನೆಗೆ ವಯಸ್ಸು ಹೇಳುವುದಾದರೆ ನಮ್ಮ ಕರಾವಳಿಯ ಅರ್ಧ ಮನೆಗಳು ಒಂದೇ ವರ್ಷ ಹುಟ್ಟಿರಬೇಕು, ಅಲ್ವಾ?

ಸುಮ್ನೆ ತಪ್ಪು ಹುಡುಕುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಒಂದು ಅಂಕಿ ಬರೆದ ಮೇಲೆ ಯಾರೂ ಒಳಗೆ ಬಂದು ಬೇರೆ ಏನನ್ನೂ ನೋಡಲಿಲ್ಲ ಅನ್ನುವುದು ನನ್ನ ಸಂಕಟ. ಈ ಅಂಗಡಿಯ ನಿಜವಾದ ಚರಿತ್ರೆ ಮಾಳಿಗೆಯ ಮೇಲೆ ಎರಡು ಮರದ ಪೆಟ್ಟಿಗೆಯಲ್ಲಿದೆ. ದಿನದ ಲೆಕ್ಕದ ಕಿರ್ದಿ, ಖಾತೆವಾರು ಲೆಕ್ಕದ ಖತಾವಣಿ, ಸಾಲದ ಲೆಕ್ಕದ ಉದ್ರಿ ಪುಸ್ತಕ. ನಿವೃತ್ತನಾದ ಮೇಲೆ ಎರಡು ಬೇಸಿಗೆ ಅಲ್ಲೇ ಕೂತು ಓದಿದ್ದೇನೆ. ಮುಂಬೈ ಕಡೆಯ ವ್ಯಾಪಾರಿಗಳ ಲೆಕ್ಕ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದೆ, ಅದು ನನಗೆ ಬರುವುದಿಲ್ಲ. ಕನ್ನಡದಲ್ಲಿರುವುದನ್ನು ಓದಿದೆ.

ಮನೆತನದ ಹಿರಿಯರು ಕುಮಟೆಯಲ್ಲಿ ಹತ್ತಿ ತೂಗುವ ಕಡೆ ಲೆಕ್ಕ ಬರೆಯುತ್ತಿದ್ದರಂತೆ. ಇದಕ್ಕೆ ಕಾಗದ ಇಲ್ಲ, ಮನೆಯವರು ಹೇಳುವ ಮಾತು. ಆದರೆ ನಂಬುವಂಥದ್ದೇ. 1861ರಲ್ಲಿ ಅಮೆರಿಕದಲ್ಲಿ ಒಳಜಗಳದ ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ನಮ್ಮ ದೇಶದ ಹತ್ತಿಗೆ ಮುಗಿಬಿದ್ದವು. ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು, ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಬಂದರಿನದ್ದು: ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಅಂತಲೇ ಹೆಸರು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ ಹಿಂದೆ ಈ ಹತ್ತಿಯ ಆಸೆಯೂ ಇತ್ತು, ಕಾರವಾರದಲ್ಲಿ ದೊಡ್ಡ ಬಂದರು ಮಾಡುವ ಆಸೆಯೂ ಇತ್ತು. ಯುದ್ಧ ಮುಗಿಯಿತು, ಬೆಲೆ ಬಿತ್ತು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಬಂದಾಗ ಉಳಿದ ಹತ್ತಿಯೂ ಆ ಕಡೆ ಹೋಯಿತು. ತೂಗಲು ಹತ್ತಿ ಇಲ್ಲದ ಮನುಷ್ಯ ನಮ್ಮ ಪೇಟೆಗೆ ಬಂದು ಉಪ್ಪು, ಬೆಲ್ಲ ತೂಗಲು ಕೂತ. ಅಲ್ಲಿಂದ ಅಂಗಡಿ.

ಆಗ ಸರಕು ಬರುತ್ತಿದ್ದುದು ಹೆಚ್ಚಾಗಿ ಕಡಲ ಮೇಲೆ. ಮಳೆಗಾಲ ಶುರುವಾದರೆ ಪತ್ತೆಮಾರಿ ಹಾಯಿಹಡಗುಗಳು ದಡ ಏರುತ್ತಿದ್ದವು, ಬಂದರು ಮುಚ್ಚುತ್ತಿತ್ತು. ಹಾಗಾಗಿ ಮೇ ತಿಂಗಳ ಪುಟಗಳು ದಪ್ಪ. ಜೂನ್, ಜುಲೈಯಲ್ಲಿ ಒಳಬಂದ ಮಾಲು ಅಂದರೆ ಘಟ್ಟದ ಮೇಲಿನ ಜೋನಿ ಬೆಲ್ಲ, ಅಡಿಕೆ ಅಷ್ಟೇ. ಸಾಣಿಕಟ್ಟೆಯ ಉಪ್ಪು, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಅಕ್ಕಿ, ಮುರುಗಲು ಸಿಪ್ಪೆ, ಬಲೆಯ ನೂಲು, ಕತ್ತದ ಹಗ್ಗ, ಲಾಟೀನಿನ ಬುರುಡೆ. ಬೇಸಿಗೆ ಬಂತೆಂದರೆ ಯಕ್ಷಗಾನ ಮೇಳದವರ ಹೆಸರಿನಲ್ಲಿ ಮುಖದ ಬಣ್ಣಕ್ಕೆ ಅರದಾಳ, ಇಂಗಳೀಕ. ಹೋಳಿಯ ಹೊತ್ತಿಗೆ ಸುಗ್ಗಿ ಕುಣಿಯುವ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳ (ಕೇರಿಗಳ) ಹೆಸರಿನಲ್ಲಿ ತುರಾಯಿಗೆ ಬೇಗಡೆ, ಬಣ್ಣದ ಕಾಗದ. ಅವರ ಹೆಂಗಸರಿಗೆ ಬಿಡಿ ಮಣಿ. 2021ರ ನವೆಂಬರಿನಲ್ಲಿ ಗಿಡ ಬೆಳೆಸಿ ಹೆಸರಾದ ಹಾಲಕ್ಕಿ ಅಜ್ಜಿ, ಅಂಕೋಲೆಯ ತುಳಸಿ ಗೌಡರು ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡದ್ದನ್ನು ದೇಶವೆಲ್ಲ ನೋಡಿತು. ಅವರ ಕೊರಳ ತುಂಬಾ ಇದ್ದಂಥ ಮಣಿಸರಗಳನ್ನು ನಮ್ಮ ಕಡೆ ಹೆಂಗಸರು ಕೂತು ಆರಿಸಿ ಕೊಳ್ಳುವುದು ಇಂಥ ಅಂಗಡಿಗಳ ಜಗಲಿಯಲ್ಲೇ. ನಮ್ಮ ಅಂಗಡಿಯಲ್ಲಿ ಮಣಿಯ ಡಬ್ಬಿ ಇನ್ನೂ ಇದೆ. ಬುಧವಾರದ ಸಂತೆಗೆ ಬಂದವರು ಮೊದಲು ಹರಿವೆ ಸೊಪ್ಪು, ಬದನೆ ಮಾರಲು ಅದೇ ಜಗಲಿಯಲ್ಲಿ ಕೂರುತ್ತಾರೆ, ದುಡ್ಡು ಕೈಗೆ ಬಂದ ಮೇಲೆ ಒಳಗೆ ಬಂದು ಮಣಿ ಕೇಳುತ್ತಾರೆ. ಜಗಲಿಗೆ ಬಾಡಿಗೆ ಯಾವ ಕಾಲಕ್ಕೂ ಇರಲಿಲ್ಲ.

1930ರ ಏಪ್ರಿಲ್ ತಿಂಗಳ ಕಿರ್ದಿಯಲ್ಲಿ ಎರಡು ಪುಟ ಖಾಲಿ ಇದೆ. ಮೇಲೆ 'ಅಂಗಡಿ ಮುಚ್ಚಿದೆ' ಅಂತ ಮಾತ್ರ. ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು, ನಿಮಗೆಲ್ಲ ಗೊತ್ತಿರುವುದೇ. ಅಂಗಡಿಯವರು ಅಲ್ಲಿಗೆ ಹೋಗಿದ್ದರೋ, ಪೊಲೀಸರಿಗೆ ಹೆದರಿ ಬಾಗಿಲು ಹಾಕಿದ್ದರೋ, ಪುಸ್ತಕ ಹೇಳುವುದಿಲ್ಲ. ನಾನೂ ಸೇರಿಸಿ ಹೇಳುವುದಿಲ್ಲ. ಆದರೆ ಅದರ ಮುಂದಿನ ವರ್ಷಗಳ ಉದ್ರಿ ಪುಸ್ತಕ ನೋಡಿ. ಅಂಕೋಲೆ, ಶಿರಸಿ, ಸಿದ್ದಾಪುರದ ಕಡೆ ಕರ ಕೊಡುವುದಿಲ್ಲ ಅಂತ ನಿಂತ ರೈತರ ಜಮೀನು, ಪಾತ್ರೆ, ದನ ಜಪ್ತಿಯಾದ ಕಾಲ ಅದು. ಕೆಲವು ಹೆಸರುಗಳ ಕೆಳಗೆ ಅಕ್ಕಿ, ಉಪ್ಪು, ಸೀಮೆಎಣ್ಣೆ ಮಾತ್ರ ಬರೆದಿದೆ, ಜಮೆ ಅನ್ನುವ ಕಡೆ ಏನೂ ಇಲ್ಲ. ಹಾಗೆಯೇ ಹೋಗಿ ಕೊನೆಗೆ ಒಂದು ಅಡ್ಡಗೆರೆ. ನನ್ನ ಅಜ್ಜನ ಹೆಸರೂ ಅಲ್ಲಿದೆ. ಅದನ್ನು ನೋಡಿದ ದಿನ ನಾನು ಮಾಳಿಗೆಯಿಂದ ಇಳಿದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಇನ್ನೂ ಒಂದು ಪುಟ ನನಗೆ ಬಹಳ ಇಷ್ಟ. 1957ರ ಏಪ್ರಿಲ್ ಒಂದಕ್ಕೆ ನಯಾ ಪೈಸೆ ಬಂತು. ರೂಪಾಯಿ, ಆಣೆ, ಪೈ ಅಂತ ಮೂರು ಸಾಲು ಎಳೆದ ಪುಸ್ತಕದಲ್ಲಿ ದೊಡ್ಡ ಮಾಮ ಒಂದು ಸಾಲನ್ನು ಹೊಡೆದು ಹಾಕಿದ್ದಾರೆ. ಅಂಚಿನಲ್ಲಿ ಒಂದು ಆಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಅಂತ ಗೀಚಿಕೊಂಡಿದ್ದಾರೆ. ಹಿಂದಿನ ನವೆಂಬರಿನಲ್ಲಿ ನಾವು ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದಕ್ಕೆ ಆ ಪುಸ್ತಕದಲ್ಲಿ ಒಂದು ಅಕ್ಷರ ಇಲ್ಲ. ವ್ಯಾಪಾರಿಗೆ ರಾಜ್ಯ ಬದಲಾದದ್ದಕ್ಕಿಂತ ಆಣೆ ಹೋದದ್ದು ದೊಡ್ಡ ಸುದ್ದಿ. ಆಮೇಲೆ ಸೇರು ಹೋಗಿ ಕಿಲೋ ಬಂತು. ನಾನು ಪೊಟ್ಟಣ ಕಟ್ಟುವ ಕಾಲಕ್ಕೆ ಕಿಲೋದ ಬಟ್ಟು ಬಂದು ವರ್ಷಗಳಾಗಿದ್ದವು. ಆದರೂ ಹಳಬರು ಕಾಲು ಸೇರು ಅಂತಲೇ ಕೇಳುತ್ತಿದ್ದರು, ಅವರ ಮನಸ್ಸಿನ ಸೇರನ್ನು ಅಂದಾಜು ಮಾಡಿ ಗ್ರಾಮಿನಲ್ಲಿ ತೂಗಿ ಕೊಡುವುದನ್ನು ದೊಡ್ಡ ಮಾಮ ನಮಗೆ ಕಲಿಸಿದ್ದರು.

ಇವೆಲ್ಲ ನಿಮ್ಮ ಫಲಕದಲ್ಲಿ ಇಲ್ಲ. 'ಕಲಾತ್ಮಕ ಮರದ ಕಂಬಗಳು' ಅಂತಿದೆ. ಕಂಬ ಹಲಸಿನದ್ದು, ಕೆತ್ತನೆ ಸಾಧಾರಣ. ಅದಕ್ಕಿಂತ ಚೆನ್ನಾದ ಕಂಬ ಶಿರಸಿ ಕಡೆಯ ಎಷ್ಟೋ ಮನೆಗಳಲ್ಲಿವೆ.

ಈಗ ಅಳತೆಯ ವಿಚಾರ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ತಾಳ್ಮೆ ಇರಲಿ. ನಮ್ಮದು ಮೊದಲು ಮುಂಬೈ ಪ್ರಾಂತವಾದ್ದರಿಂದ ಇಲ್ಲಿಯ ಸರ್ವೆಯ ಚೈನು 33 ಅಡಿ, ಅದಕ್ಕೆ ಆಣೆ ಅನ್ನುವ 16 ಪಾಲು. ಒಂದು ಚೈನು ಉದ್ದ, ಒಂದು ಚೈನು ಅಗಲ ಅಂದರೆ ಒಂದು ಗುಂಟೆ. ಹಳೆಯ ಸರ್ವೆ ನಕ್ಷೆಯಲ್ಲಿ ಅಂಗಡಿಯ ಎದುರು ರಸ್ತೆಯ ಅಗಲ ಸರಿಯಾಗಿ ಒಂದು ಚೈನು. ಅಂದರೆ ಅಂಗಡಿಯ ಜಗಲಿಯ ಅಂಚಿನಿಂದ ಎದುರಿನ ಗಡಿಯ ತನಕ 33 ಅಡಿ. ಇವತ್ತು ಅಲ್ಲಿ ಏನಿದೆ? ಜಗಲಿಯಿಂದ ಮೂರು ಅಡಿ ಮಣ್ಣು. ಆಮೇಲೆ 22 ಅಡಿ ಡಾಂಬರು. ಉಳಿದ ಎಂಟು ಅಡಿ ಎಲ್ಲಿ ಹೋಯಿತು ಅಂತ ಕೇಳಿದರೆ, ಎದುರಿನ ಹೊಸ ಕಾಂಪ್ಲೆಕ್ಸುಗಳ ಮೆಟ್ಟಿಲಿನ ಕೆಳಗೆ. ಅಲ್ಲಿ ಗಟಾರ ಇತ್ತು. ನಾನು ಶಾಲೆಗೆ ಹೋಗುವಾಗ ಅದನ್ನು ಹಾರಿ ದಾಟುತ್ತಿದ್ದೆ. ಗಟಾರದ ಮೇಲೆ ಚಪ್ಪಡಿ ಬಂತು, ಚಪ್ಪಡಿ ಮೇಲೆ ಮೆಟ್ಟಿಲು ಬಂತು, ಮೆಟ್ಟಿಲಿನ ಮೇಲೆ ತಗಡಿನ ಮಾಡು ಬಂತು. ರಸ್ತೆಗೆ ಡಾಂಬರು ಹಾಕಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಅಂಗಡಿಯ ಕಡೆಗೆ ಸರಿಯಿತು.

ನಿಮ್ಮ ಹುಡುಗರು ಚುಕ್ಕೆ ಇಟ್ಟದ್ದು ಡಾಂಬರಿನ ನಡುವೆ. ರಸ್ತೆಯ ನಡುವೆ ಇಡಲಿಲ್ಲ. ಡಾಂಬರಿನ ನಡು ಜಗಲಿಯಿಂದ 14 ಅಡಿಗೆ ಬರುತ್ತದೆ. ನಕ್ಷೆಯ ನಡು ಹದಿನಾರೂವರೆ ಅಡಿಗೆ. ಹೊಸ ರಸ್ತೆ 40 ಅಡಿ, ಅಂದರೆ ನಡುವಿನಿಂದ ಎರಡೂ ಕಡೆಗೆ ಇಪ್ಪತ್ತಿಪ್ಪತ್ತು. ಡಾಂಬರಿನ ಲೆಕ್ಕದಲ್ಲಿ ಅಂಗಡಿ ಕಡೆ ಆರು ಅಡಿ ಹೋಗುತ್ತದೆ, ಎದುರು ಕಡೆ ಅವರ ಸ್ವಂತ ಜಾಗ ಒಂದೇ ಅಡಿ. ನಕ್ಷೆಯ ಲೆಕ್ಕದಲ್ಲಿ ಎರಡೂ ಕಡೆ ಮೂರೂವರೆ ಅಡಿ. ಅಂಗಡಿಯ ಜಗಲಿ ಐದು ಅಡಿ ಅಗಲ ಇದೆ. ಮೂರೂವರೆ ಅಡಿ ಅಂದರೆ ಜಗಲಿಯಲ್ಲೇ ಮುಗಿಯುತ್ತದೆ. ಆರು ಅಡಿ ಅಂದರೆ ಜಗಲಿ, ಕಂಬ, ಮುಂದಿನ ಗೋಡೆ, ಹಲಗೆ ಬಾಗಿಲು ಎಲ್ಲ ಹೋಗುತ್ತದೆ. ಒಂದು ಚುಕ್ಕೆ ಎರಡೂವರೆ ಅಡಿ ಆಚೀಚೆ ಆದದ್ದಕ್ಕೆ ಇಷ್ಟು.

ಎದುರು ಕಡೆಯವರಿಗೂ ಕಷ್ಟ ಆಗುತ್ತದೆ, ಗೊತ್ತು. ಅವರಲ್ಲಿ ಇಬ್ಬರು ನನ್ನ ಸಂಬಂಧಿಕರೇ. ಈ ಪತ್ರ ಬರೆದ ಮೇಲೆ ಮದುವೆ ಮನೆಯಲ್ಲಿ ನನ್ನ ಪಕ್ಕ ಕೂತು ಊಟ ಮಾಡುತ್ತಾರೋ ಇಲ್ಲವೋ. ಆದರೆ ಅಳತೆ ಅಳತೆಯೇ. ನೌಕರಿಯಲ್ಲಿದ್ದಾಗ ಅಣ್ಣತಮ್ಮಂದಿರ ನಡುವೆ ಎಷ್ಟೋ ಸಲ ಇದೇ ಚೈನು ಹಿಡಿದು ನಿಂತಿದ್ದೇನೆ.

ರಸ್ತೆ ಅಗಲ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಶಾಲೆ ಬಿಡುವ ಹೊತ್ತಿಗೆ ಆ ತಿರುವಿನಲ್ಲಿ ಮಕ್ಕಳು ಬಸ್ಸಿಗೂ ಮೆಟ್ಟಿಲಿಗೂ ನಡುವೆ ಸಿಕ್ಕಿಕೊಳ್ಳುವುದನ್ನು ದಿನಾ ನೋಡುತ್ತೇನೆ. ನಿಮ್ಮ ನಕ್ಷೆಯಲ್ಲಿ ಎರಡೂ ಬದಿಗೆ ಐದು ಅಡಿ ಕಾಲುದಾರಿ ಇದೆ. ಅಂಗಡಿಯ ಜಗಲಿಯೂ ಐದು ಅಡಿಯೇ. ಆ ಜಗಲಿಯನ್ನೇ ಕಾಲುದಾರಿ ಮಾಡಿ. ಎರಡೂ ತುದಿಯ ಮೆಟ್ಟಿಲು ತೆಗೆದು ಇಳಿಜಾರು ಕಟ್ಟಿಕೊಟ್ಟರೆ ಜನ ಮಾಡಿನ ಕೆಳಗೆ, ಮಳೆಯಲ್ಲಿ ನೆನೆಯದೆ, ನಡೆದು ಹೋಗುತ್ತಾರೆ. ಜಗಲಿಯನ್ನು ಓಡಾಟಕ್ಕೆ ಬಿಡುತ್ತೇನೆ ಅಂತ ಸಣ್ಣ ಮಾಮ ಬರೆದು ಕೊಡಲು ತಯಾರಿದ್ದಾರೆ. ಪರಿಹಾರವೂ ಬೇಡ ಅಂದಿದ್ದಾರೆ. ಸಂತೆಯ ದಿನ ಕೂರುವ ಹೆಂಗಸರಿಗೆ ಒಂದು ಬದಿ ಜಾಗ ಬಿಡಬೇಕು, ಅಷ್ಟೇ ಅವರ ಷರತ್ತು.

ಇದರ ನಡುವೆ ಇನ್ನೊಂದು ಮಾತು ಕಿವಿಗೆ ಬಿದ್ದಿದೆ. ಮುಂದಿನ ಗೋಡೆಯನ್ನು ಬಿಚ್ಚಿ, ಆರು ಅಡಿ ಹಿಂದೆ ಮತ್ತೆ ಜೋಡಿಸಿ, ಅದರ ಹಿಂದೆ ಮೂರು ಮಹಡಿಯ ಕಾಂಪ್ಲೆಕ್ಸ್ ಕಟ್ಟಿದರೆ ಪರಂಪರೆಯೂ ಉಳಿಯಿತು, ಬಾಡಿಗೆಯೂ ಬಂತು ಅಂತ ನಿಮ್ಮಲ್ಲೇ ಯಾರೋ ಸಭೆಯಲ್ಲಿ ಹೇಳಿದರಂತೆ. ಮುಂದೆ ಫೋಟೊ ತೆಗೆಸಿಕೊಳ್ಳುವ ಜಾಗ ಮಾಡುವ ಯೋಚನೆಯೂ ಇದೆಯಂತೆ. ಈ ಗೋಡೆ ಚಿರೆಕಲ್ಲಿನದ್ದು, ಚಿಪ್ಪು ಸುಟ್ಟು ಮಾಡಿದ ಸುಣ್ಣದಲ್ಲಿ ಕಟ್ಟಿದ್ದು. ಬಿಚ್ಚಿ ಜೋಡಿಸಲು ಅದು ಕಪಾಟಲ್ಲ. ಅರ್ಧ ಕಲ್ಲು ಪುಡಿಯಾಗುತ್ತದೆ, ಉಳಿದದ್ದಕ್ಕೆ ಸಿಮೆಂಟ್ ಮೆತ್ತುತ್ತೀರಿ. ಮಾಳಿಗೆಯ ಪುಸ್ತಕ ಎಲ್ಲಿ ಹೋಗುತ್ತದೆ, ಮಣಿಯ ಡಬ್ಬಿ ಎಲ್ಲಿ ಹೋಗುತ್ತದೆ, ಬುಧವಾರದ ಹೆಂಗಸರು ಎಲ್ಲಿ ಕೂರುತ್ತಾರೆ ಅಂತ ಆ ಸಭೆಯಲ್ಲಿ ಯಾರೂ ಕೇಳಲಿಲ್ಲವಂತೆ.

ಬ್ರಿಸ್ಬೇನಿನಲ್ಲಿರುವ ನನ್ನ ಅಕ್ಕನ ಮಗ ಹೋದ ವರ್ಷ ಕೆಲವು ಫೋಟೊ ಕಳಿಸಿದ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮೇರಿಬರೋ ಅಂತ ಒಂದು ಸಣ್ಣ ಊರು. ಅಲ್ಲಿ ಬ್ರೆನನ್ ಮತ್ತು ಗೆರಾಟಿ ಅಂತ ಇಬ್ಬರು ಭಾವಮೈದುನರು 1871ರಲ್ಲಿ ಒಂದು ದಿನಸಿ ಅಂಗಡಿ ತೆರೆದರು. ಒಂದು ನೂರು ವರ್ಷ ನಡೆದು 1972ರಲ್ಲಿ ಬಾಗಿಲು ಹಾಕಿತು. ಆಮೇಲೆ ಅಲ್ಲಿಯ ನ್ಯಾಷನಲ್ ಟ್ರಸ್ಟ್ ಅದನ್ನು ತೆಗೆದುಕೊಂಡು ಸಂಗ್ರಹಾಲಯ ಮಾಡಿದೆ. ಕಟ್ಟಡ ಅರಮನೆಯೇನೂ ಅಲ್ಲ, ಮರದ ಸಾಧಾರಣ ಅಂಗಡಿ. ಅವರು ಕಾಪಾಡಿದ್ದು ಒಳಗಿರುವುದನ್ನು. ಮಾರಾಟವಾಗದೆ ಉಳಿದ ಡಬ್ಬಿ, ಪೊಟ್ಟಣ, ಲೆಕ್ಕದ ಕಾಗದ ಎಲ್ಲ ಕಪಾಟಿನಲ್ಲೇ ಇವೆ. ಜನ ದುಡ್ಡು ಕೊಟ್ಟು ಹೋಗಿ ನೋಡುತ್ತಾರೆ. ಫೋಟೊ ನೋಡಿದ ಸಣ್ಣ ಮಾಮ, "ನಮ್ಮಲ್ಲೂ ಹಳೇ ಡಬ್ಬಿ ಬೇಕಷ್ಟಿವೆ, ಆದರೆ ನಾವು ಇನ್ನೂ ಸತ್ತಿಲ್ಲವಲ್ಲ" ಅಂದು ನಕ್ಕರು. ನಿಜ. ಅವರಿಗೆ ಮುಚ್ಚಿದ ಅಂಗಡಿ ಸಿಕ್ಕಿತು, ಅದನ್ನು ಸಂಗ್ರಹಾಲಯ ಮಾಡಿದರು. ನಮ್ಮದು ಇವತ್ತು ಬೆಳಿಗ್ಗೆಯೂ ಬಾಗಿಲು ತೆರೆದಿದೆ. ಅದು ಅಂಗಡಿಯಾಗಿಯೇ ಉಳಿಯಲಿ.

'ಹಳೆ ಕಟ್ಟಡ, ಬಿದ್ದರೆ ಯಾರು ಜವಾಬ್ದಾರಿ?' ಅಂತ ಒಬ್ಬ ಸದಸ್ಯರು ನನ್ನನ್ನೇ ಕೇಳಿದರು. ಪ್ರಶ್ನೆ ಸರಿಯಾಗಿದೆ. ಮೈಸೂರಿನಲ್ಲಿ 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲವೇ ಅನ್ನುವುದನ್ನು ಗಮನಿಸಿ. ನಮ್ಮಲ್ಲಿ ಮಳೆ ಮೈಸೂರಿನ ನಾಲ್ಕು ಪಟ್ಟು ಹೊಡೆಯುತ್ತದೆ. ಮಾಡು ಸೋರಿ ನೀರು ಗೋಡೆಗೆ ಇಳಿದರೆ ಎಂಥ ಚಿರೆಕಲ್ಲೂ ಕರಗುತ್ತದೆ. ಸಣ್ಣ ಮಾಮ ಇನ್ನೂರು ಹಂಚು ಕೇಳಿದ್ದು ಅದಕ್ಕೇ. ಬೀಳುವ ಹಾಗೆ ಮಾಡಿ, ಬೀಳುತ್ತದೆ ಅಂತ ಹೆದರಿಸಬೇಡಿ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರಲ್ಲಿ ಪಾರಂಪರಿಕ ಕಟ್ಟಡ ಎಂದರೆ ಏನು ಅನ್ನುವ ವ್ಯಾಖ್ಯೆ ಇದೆ. ವಾಸ್ತು ಮಾತ್ರ ಅಲ್ಲ, ಚರಿತ್ರೆ, ಸಂಸ್ಕೃತಿ ಎರಡೂ ಅದರಲ್ಲಿ ಬರುತ್ತವೆ. ನಮ್ಮ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯಲ್ಲೂ ಇದೆ. ಕಾನೂನು ಪಾಠ ಹೇಳಲು ಬಂದವನಲ್ಲ ನಾನು. ಕಾಗದ ಕೇಳುತ್ತೀರಿ ಅಂತ ಬರೆದೆ.

ನಾನು ಕೇಳುವುದು ಹೀಗೆ. ಮೊದಲು ಮಾಡು. ಈ ಮಳೆಗಾಲಕ್ಕೆ ಮುಂಚೆ ಹಂಚು, ಪಕಾಸು, ರೀಪು ಬದಲಿಸಲು ಲಿಖಿತ ಅನುಮತಿ ಕೊಡಿ. ಅದೇ ತರದ ಹಂಚು, ಅದೇ ತರದ ಮರ ಹಾಕಬೇಕು ಅಂತ ಷರತ್ತು ಹಾಕಿ, ಒಪ್ಪುತ್ತಾರೆ. ಹಳೆ ಮನೆ ಕೆಡವಿದವರ ಹತ್ತಿರ ಹಳೆ ಹಂಚು ಇನ್ನೂ ಸಿಗುತ್ತದೆ, ನಾನೇ ಎರಡು ಕಡೆ ನೋಡಿ ಇಟ್ಟಿದ್ದೇನೆ. ಖರ್ಚಿನಲ್ಲಿ ಪುರಸಭೆ ಪಾಲು ಕೊಟ್ಟರೆ ಸಂತೋಷ, ಕೊಡದಿದ್ದರೆ ಅಡ್ಡ ಬರಬೇಡಿ. ಎರಡನೆಯದು ಕೆಂಪು ಗುರುತು. ಸರ್ವೆ ಕಲ್ಲಿನಿಂದ, ಎರಡೂ ಕಡೆಯವರ ಎದುರು, ಹೊಸದಾಗಿ ಅಳತೆ ಮಾಡಿಸಿ, ಅಲ್ಲಿಯ ತನಕ ಆ ಗುರುತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಜಗಲಿಯನ್ನು ಕಾಲುದಾರಿ ಮಾಡುವ ವಿಚಾರವನ್ನು ಸಾಮಾನ್ಯ ಸಭೆಯಲ್ಲಿ ಇಡಿ. ಸಭೆಗೆ ಸಂತೆಯ ಹೆಂಗಸರನ್ನೂ ಕರೆಯಿರಿ, ಬುಧವಾರ ಬೇಡ, ಅವರಿಗೆ ಅವತ್ತು ವ್ಯಾಪಾರ.

ಮಾಳಿಗೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ. ಮೋಡಿ ಓದಬಲ್ಲವರನ್ನು ಕರೆಸಿ. ಆದರೆ ಪುಸ್ತಕ ಅಂಗಡಿಯಲ್ಲೇ ಇರಲಿ. 'ಸಂಗ್ರಹಾಲಯಕ್ಕೆ' ಅಂತ ನಮ್ಮ ಕಡೆಯಿಂದ ಹೋದ ಎಷ್ಟೋ ವಸ್ತು ಯಾವ ಗೋದಾಮಿನಲ್ಲಿವೆಯೋ. ಫಲಕದ 1865 ತೆಗೆಯಿರಿ. ಯಾವ ವರ್ಷ ಬರೆಯಬೇಕು ಅಂತ ಕೇಳಿದರೆ, ವರ್ಷ ಬೇಡವೇ ಬೇಡ. 'ಇಲ್ಲಿ ಬಿಡಿ ಮಣಿ ಸಿಗುತ್ತದೆ' ಅಂತ ಬರೆದರೂ ಅದಕ್ಕಿಂತ ಹೆಚ್ಚು ನಿಜ.

ಹಲಗೆ ಬಾಗಿಲಿನ ಬಗ್ಗೆ ಬರೆಯುವುದು ಬಿಟ್ಟೇ ಹೋಗಿತ್ತು. ಹದಿನಾಲ್ಕು ಹಲಗೆ. ಒಂದೊಂದರ ಹಿಂದೆಯೂ ಕನ್ನಡದ ಅಂಕಿ ಕೆತ್ತಿದೆ. ಅದೇ ಕ್ರಮದಲ್ಲಿ ಕೂರಿಸಿದರೆ ಮಾತ್ರ ಚೌಕಟ್ಟಿನ ತೋಡಿನಲ್ಲಿ ಕೂರುತ್ತವೆ. ಏಳನೆಯದು ಮಳೆಗಾಲದಲ್ಲಿ ಉಬ್ಬುತ್ತದೆ, ಅದನ್ನು ಮೊಣಕಾಲಿನಿಂದ ಒತ್ತಿ ಹಾಕಬೇಕು. ನನಗೆ ಅದನ್ನು ಕಲಿಸಿದವರು ಈಗ ಇಲ್ಲ. ನಾನು ಸಣ್ಣ ಮಾಮನ ಮೊಮ್ಮಗಳಿಗೆ ತೋರಿಸಿಕೊಟ್ಟಿದ್ದೇನೆ. ಶಾಲೆಗೆ ಹೋಗುವ ಮುಂಚೆ ಅವಳೇ ಈಗ ಹಲಗೆ ತೆಗೆಯುವುದು.

ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ವಾಹನ ಓಡಾಟ ಶುರುವಾಗುವ ಮುಂಚೆ, ತಿರುವಿನ ಸರ್ವೆ ಕಲ್ಲಿನ ಹತ್ತಿರ ಇರುತ್ತೇನೆ. ಹಳೆ ನಕ್ಷೆಯ ದೃಢೀಕರಿಸಿದ ಪ್ರತಿ ನನ್ನಲ್ಲಿದೆ. ಟೇಪು ನಾನೇ ತರುತ್ತೇನೆ. ಇನ್ನೊಂದು ತುದಿ ಹಿಡಿಯಲು ನಿಮ್ಮ ಕಡೆಯಿಂದ ಒಬ್ಬರು ಬಂದರೆ ಸಾಕು.

ಇತಿ ನಿಮ್ಮ ವಿಶ್ವಾಸಿ,
ಇದೇ ಪೇಟೆಯ ಒಬ್ಬ ನಿವೃತ್ತ ಭೂಮಾಪಕ